ಹಸಿರು ಗುರುತು ಬಂದ ಮೇಲೆ ತಪ್ಪಿದ ಲೆಕ್ಕ: ಒಂದು ಕ್ರಿಪ್ಟೊ ತೆರಿಗೆ ಪ್ರಕರಣ

2024ರ ಜುಲೈ 13, ಶನಿವಾರ ಸಂಜೆ. ರಿಟರ್ನ್ ಸಲ್ಲಿಸಲು ಇನ್ನು ಹದಿನೆಂಟು ದಿನ. ದಾವಣಗೆರೆಯ ನಮ್ಮ ಕಚೇರಿಗೆ ಹರಿಹರದ ಕಿರಾಣಿ ವ್ಯಾಪಾರಿಯೊಬ್ಬರು ಮಗನನ್ನು ಕರೆದುಕೊಂಡು ಬಂದರು. ಅವರ ಅಂಗಡಿ ಲೆಕ್ಕ ಹದಿನೈದು ವರ್ಷದಿಂದ ನಮ್ಮಲ್ಲೇ ಇದೆ. "ನಮ್ ಹುಡುಗಂದು ಸ್ವಲ್ಪ ನೋಡ್ರಿ ಮೇಡಂ. ಅದೇನೋ ಕಾಯಿನ್ ಅಂತಾನೆ, ತೊಂಬತ್ತು ಸಾವಿರ ಟ್ಯಾಕ್ಸ್ ಅಂತಾನೆ. ಎರಡು ದಿನ ಆತು, ಸರಿಯಾಗಿ ಊಟ ಮಾಡಿಲ್ಲ" ಅಂದರು.

ಹುಡುಗನಿಗೆ ಇಪ್ಪತ್ತೊಂಬತ್ತು. ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ, ಮಾಡುವುದು ಮನೆಯಿಂದ. ಲ್ಯಾಪ್‌ಟಾಪ್ ತೆರೆದು ಕ್ರಿಪ್ಟೊ ತೆರಿಗೆ ಲೆಕ್ಕ ಹಾಕುವ ಸಾಫ್ಟ್‌ವೇರಿನ ಪುಟ ತೋರಿಸಿದ. ಎರಡು ಖಾತೆ ಜೋಡಿಸಿದ್ದ. ಭಾರತದ ಎಕ್ಸ್‌ಚೇಂಜಿನದನ್ನು ಸಿಎಸ್‌ವಿ ಫೈಲ್ (ವ್ಯವಹಾರಗಳ ಪಟ್ಟಿ) ಹಾಕಿ ತುಂಬಿಸಿದ್ದ, ಅದು ಬಂದಿತ್ತು. ವಿದೇಶಿ ಎಕ್ಸ್‌ಚೇಂಜಿನದನ್ನು ಎಪಿಐ ಮೂಲಕ, ಅಂದರೆ ಸಾಫ್ಟ್‌ವೇರೇ ನೇರವಾಗಿ ಎಕ್ಸ್‌ಚೇಂಜಿನಿಂದ ಲೆಕ್ಕ ಓದಿಕೊಳ್ಳುವ ದಾರಿಯಲ್ಲಿ, ಜೋಡಿಸಿದ್ದ. ಅದರ ಮುಂದೆ ಕೆಂಪು ಗುರುತು, ಪಕ್ಕದಲ್ಲಿ ‘ಸಿಂಕ್ ಫೇಲ್ಡ್’. ಪುಟದ ಕೆಳಗೆ ಕಟ್ಟಬೇಕಾದ ತೆರಿಗೆ: ₹91,672. ಆ ಎರಡು ಎಕ್ಸ್‌ಚೇಂಜ್ ಮತ್ತು ಸಾಫ್ಟ್‌ವೇರಿನ ಹೆಸರು ಇಲ್ಲಿ ಬೇಡ. ಇಂಥ ತೊಡಕು ಯಾವುದರಲ್ಲಾದರೂ ಬರಬಹುದು.

ಈ 91,672 ಎಲ್ಲಿಂದ ಬಂತು ಎಂದು ನೋಡಿದೆ. ಮಾರ್ಚ್ ತಿಂಗಳಲ್ಲಿ ಅವನು ಭಾರತದ ಎಕ್ಸ್‌ಚೇಂಜಿನಲ್ಲಿ 0.996 ಈಥರ್ (ಒಂದು ಕ್ರಿಪ್ಟೊ ನಾಣ್ಯ) ಮಾರಿದ್ದ. ಬಂದ ಹಣ ₹2,93,820. ಆಗಿನ ಆದಾಯ ತೆರಿಗೆ ಕಾಯ್ದೆಯ 194ಎಸ್ ಕಲಮಿನ ಪ್ರಕಾರ 1% ಟಿಡಿಎಸ್ (ಹಣ ಕೊಡುವಾಗಲೇ ಮುರಿಯುವ ತೆರಿಗೆ) ₹2,938 ಮುರಿದುಕೊಂಡಿದ್ದರು, ಅದು ತೆರಿಗೆ ಇಲಾಖೆಯ 26ಎಎಸ್ ದಾಖಲೆಯಲ್ಲೂ ಇತ್ತು. ಆದರೆ ಆ ಈಥರ್ ಎಲ್ಲಿ, ಎಷ್ಟಕ್ಕೆ ಕೊಂಡದ್ದು ಎನ್ನುವುದು ಸಾಫ್ಟ್‌ವೇರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಡೆ ಅದು ಕೊಂಡ ಬೆಲೆ ಸೊನ್ನೆ ಎಂದು ಹಿಡಿಯುತ್ತದೆ. ಹಾಗಾಗಿ ಮಾರಿ ಬಂದ ಪೂರ್ತಿ ಹಣ ಲಾಭವಾಯಿತು. ಅದೇ ಕಾಯ್ದೆಯ 115ಬಿಬಿಎಚ್ ಪ್ರಕಾರ ಅದರ ಮೇಲೆ 30%, ಮೇಲೆ 4% ಸೆಸ್. ಈ ಕಲಮು ಬೇರೆ ಕಲಮುಗಳಂತಲ್ಲ. ಇದರಲ್ಲಿ ಕೊಂಡ ಬೆಲೆಯೊಂದನ್ನು ಬಿಟ್ಟು ಬೇರೇನನ್ನೂ ಕಳೆಯುವಂತಿಲ್ಲ. ಒಂದರ ನಷ್ಟವನ್ನು ಇನ್ನೊಂದರ ಲಾಭಕ್ಕೆ ವಜಾ ಹಾಕುವಂತಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ಕೊಂಡ ಬೆಲೆ ಕಳೆದುಹೋದರೆ ತೆರಿಗೆದಾರನಿಗೆ ಹಿಡಿದುಕೊಳ್ಳಲು ಬೇರೆ ಏನೂ ಇರುವುದಿಲ್ಲ. ಸಂಪರ್ಕ ಕೆಟ್ಟದ್ದು ಬರೀ ತಾಂತ್ರಿಕ ತೊಂದರೆ ಎಂದು ನಾನು ಬಿಡದೇ ಇದ್ದದ್ದು ಈ ಕಾರಣಕ್ಕೆ.

ಲ್ಯಾಪ್‌ಟಾಪ್ ಪಕ್ಕಕ್ಕಿಡಿಸಿ ಒಂದು ಬಿಳಿ ಹಾಳೆ ತೆಗೆದುಕೊಂಡೆ. ದುಡ್ಡು ಓಡಿದ ದಾರಿಯನ್ನು ಮೊದಲಿಂದ ಹೇಳು ಅಂದೆ. ಬ್ಯಾಂಕಿನಿಂದ ಯುಪಿಐ ಮೂಲಕ ಮೂರು ಸಲ ಹಣ ಹೋಗಿದೆ. ವಿದೇಶಿ ಎಕ್ಸ್‌ಚೇಂಜಿನ ಪಿ-ಟು-ಪಿ ಮಾರುಕಟ್ಟೆಯಲ್ಲಿ, ಅಂದರೆ ಜನ ಜನರಿಂದಲೇ ನೇರ ಕೊಳ್ಳುವ ಕಡೆ, ಮೂವರು ಮಾರಾಟಗಾರರಿಂದ ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೊ ನಾಣ್ಯ) ಕೊಂಡಿದ್ದಾನೆ. ಅದರಲ್ಲಿ ಒಂದು ಭಾಗಕ್ಕೆ 2023ರ ಅಕ್ಟೋಬರ್ ಕೊನೆಯಲ್ಲಿ ಒಂದು ಈಥರ್ ತೆಗೆದುಕೊಂಡಿದ್ದಾನೆ. ಮಾರ್ಚ್‌ನಲ್ಲಿ ಅದನ್ನು ತನ್ನ ಸ್ವಂತ ವ್ಯಾಲೆಟ್ಟಿಗೆ (ನಾಣ್ಯವನ್ನು ತಾನೇ ಇಟ್ಟುಕೊಳ್ಳುವ ಜಾಗ), ಅಲ್ಲಿಂದ ಭಾರತದ ಎಕ್ಸ್‌ಚೇಂಜಿಗೆ ಕಳಿಸಿ ಮಾರಿದ್ದಾನೆ. ಹಣ ತಿರುಗಿ ಬ್ಯಾಂಕಿಗೆ ಬಂದಿದೆ. ಹಾಳೆಯ ಮೇಲೆ ಬಾಣ ಎಳೆದು, ಒಂದೊಂದು ನಿಲ್ದಾಣದ ಕೆಳಗೂ ‘ಇದರ ದಾಖಲೆ ಯಾರ ಹತ್ತಿರ ಇದೆ’ ಎಂದು ಬರೆದೆವು. ಮುಂದಿನ ಹತ್ತು ದಿನ ನಮಗೆ ದಾರಿ ತೋರಿಸಿದ್ದು ಆ ಹಾಳೆ.

ಕೆಂಪು ಗುರುತಿನ ಹಿಂದೆ

ಹುಡುಗ ಆಗಲೇ ಎರಡು ಕಾರಣ ಮನಸ್ಸಿನಲ್ಲಿ ಇಟ್ಟುಕೊಂಡು ಬಂದಿದ್ದ. "ಗೌರ್ನಮೆಂಟ್ ಬ್ಲಾಕ್ ಮಾಡಿದೆ ಮೇಡಂ, ಅದಕ್ಕೇ ಬರ್ತಿಲ್ಲ" ಅಂದ. ಇದು ಗಾಳಿಮಾತಲ್ಲ. ಹಣಕಾಸು ಸಚಿವಾಲಯದ ಫೈನಾನ್ಶಿಯಲ್ ಇಂಟೆಲಿಜೆನ್ಸ್ ಯೂನಿಟ್ 2023ರ ಡಿಸೆಂಬರ್ 28ರಂದು ಬೈನಾನ್ಸ್, ಕುಕಾಯಿನ್, ಕ್ರಾಕೆನ್ ಸೇರಿ ಒಂಬತ್ತು ವಿದೇಶಿ ಎಕ್ಸ್‌ಚೇಂಜುಗಳಿಗೆ ನೋಟಿಸ್ ಕೊಟ್ಟಿತ್ತು. ಜನವರಿಯಲ್ಲಿ ಆ್ಯಪ್‌ಗಳು ಫೋನಿನ ಸ್ಟೋರುಗಳಿಂದ ಇಳಿದವು, ಜಾಲತಾಣಗಳಿಗೂ ತಡೆ ಬಿತ್ತು. ಆದರೆ ಇವನ ಖಾತೆ ಇದ್ದದ್ದು ಆ ಒಂಬತ್ತರಲ್ಲಿ ಅಲ್ಲ. ನಮ್ಮೆದುರಿಗೇ ಲಾಗಿನ್ ಆಗಿ ತೋರಿಸಿದ, ಪುಟ ತೆರೆಯಿತು. ಆ ಕಾರಣ ಅಲ್ಲಿಗೆ ಮುಗಿಯಿತು.

ಎರಡನೆಯದು ಗೆಳೆಯನ ಸಲಹೆ. ಲ್ಯಾಪ್‌ಟಾಪಿನ ಗಡಿಯಾರ ಹಿಂದೆ ಮುಂದೆ ಆಗಿದ್ದರೆ ಎಪಿಐ ಒಪ್ಪುವುದಿಲ್ಲವಂತೆ. ಮಾತು ಅರ್ಧ ನಿಜ. ಎಪಿಐ ವಿನಂತಿಯ ಮೇಲೆ ಹೊತ್ತಿನ ಮುದ್ರೆ ಇರುತ್ತದೆ, ಕೆಲವು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಎಕ್ಸ್‌ಚೇಂಜ್ ಅದನ್ನು ತಳ್ಳಿಹಾಕುತ್ತದೆ. ಆದರೆ ಇಲ್ಲಿ ಎಕ್ಸ್‌ಚೇಂಜಿನ ಬಾಗಿಲು ಬಡಿಯುವುದು ಇವನ ಲ್ಯಾಪ್‌ಟಾಪ್ ಅಲ್ಲ, ತೆರಿಗೆ ಸಾಫ್ಟ್‌ವೇರಿನ ಸರ್ವರ್. ಇವನ ಗಡಿಯಾರ ಅರ್ಧ ಗಂಟೆ ತಪ್ಪಿದ್ದರೂ ಅದಕ್ಕೆ ಏನೂ ಆಗದು. ಬಾಗಿಲು ಬಡಿಯುತ್ತಿರುವವರು ಯಾರು ಎಂಬುದನ್ನು ಮರೆಯಬಾರದು. ಅದನ್ನೇ ಮರೆತು ನಾವು ಮತ್ತೆ ಒಂದು ದಿನ ಕಳೆದುಕೊಂಡೆವು, ಅದನ್ನು ಮುಂದೆ ಹೇಳುತ್ತೇನೆ.

ನಿಜವಾದ ಕಾರಣ ಎಕ್ಸ್‌ಚೇಂಜಿನ ಎಪಿಐ ಪುಟದಲ್ಲೇ ಬರೆದಿತ್ತು, ಯಾರೂ ನೋಡಿರಲಿಲ್ಲ. ಎಪಿಐ ಸಂಪರ್ಕಕ್ಕೆ ಬೇಕಾದ ಗುಟ್ಟಿನ ಕೀ ಮಾಡಿದ್ದು 2023ರ ಏಪ್ರಿಲ್‌ನಲ್ಲಿ. ಯಾವ ಐಪಿ ವಿಳಾಸಕ್ಕೂ (ಅಂತರ್ಜಾಲದಲ್ಲಿ ಒಂದು ಸಂಪರ್ಕದ ಗುರುತಿನ ಸಂಖ್ಯೆ) ಕಟ್ಟಿಹಾಕದ ಕೀಗೆ ಕೆಲವು ಎಕ್ಸ್‌ಚೇಂಜುಗಳಲ್ಲಿ ಮೂರು ತಿಂಗಳಷ್ಟೇ ಆಯಸ್ಸು. ಆ ವರ್ಷದ ಜುಲೈನಲ್ಲೇ ಅದರ ಅವಧಿ ಮುಗಿದಿತ್ತು. ಇವನು ಮೊದಲ ಯುಎಸ್‌ಡಿಟಿ ಕೊಂಡದ್ದು ಸೆಪ್ಟೆಂಬರ್‌ನಲ್ಲಿ. ಅಂದರೆ ಸಾಫ್ಟ್‌ವೇರಿಗೆ ಇವನ ಒಂದೇ ಒಂದು ವ್ಯವಹಾರವೂ ತಲುಪಿರಲಿಲ್ಲ. ಕೆಂಪು ಗುರುತು ಒಂದು ವರ್ಷದಿಂದ ಅಲ್ಲೇ ಇತ್ತು.

ಆ ಹಳೆಯ ಕೀ ನೋಡಿ ನನಗೆ ಎದೆ ಧಸಕ್ಕೆಂದಿತು. ಅದಕ್ಕೆ ವ್ಯವಹಾರ ಮಾಡುವ ಅನುಮತಿಯನ್ನೂ ಕೊಟ್ಟಿದ್ದ. ಹಾಗಿರುವ ಕೀಯ ಗುಟ್ಟಿನ ಅಕ್ಷರಗಳನ್ನು ಫೋಟೊ ತೆಗೆದು ವಾಟ್ಸ್ಆ್ಯಪಿನಲ್ಲಿ ಗೆಳೆಯನಿಗೆ ಕಳಿಸಿದ್ದ. ತೆರಿಗೆ ಲೆಕ್ಕಕ್ಕೆ ಬೇಕಾದದ್ದು ಓದುವ ಅನುಮತಿ ಮಾತ್ರ. ವ್ಯವಹಾರಕ್ಕೆ ಬೇಡ, ಹಣ ಹೊರಗೆ ಕಳಿಸಲಂತೂ ಬೇಡವೇ ಬೇಡ. ಹಳೆಯ ಕೀ ಅಳಿಸಿಸಿ, ಓದಲು ಮಾತ್ರ ಬರುವ ಹೊಸ ಕೀ ಮಾಡಿಸಿದೆ.

ಹೊಸ ಕೀ ಹಾಕಿದ. ಈ ಸಲ ‘ಇನ್‌ವ್ಯಾಲಿಡ್ ಸಿಗ್ನೇಚರ್’. ದೋಷ ಬದಲಾಯಿತು ಎಂದರೆ ಒಂದು ಹೆಜ್ಜೆ ಮುಂದೆ ಹೋದಂತೆ. ಕೀ ಬದುಕಿದೆ, ಸಹಿ ಕೂಡುತ್ತಿಲ್ಲ. ಕೀ ಜೊತೆಗೆ ಕೊಡುವ ‘ಸೀಕ್ರೆಟ್’ ಅಕ್ಷರಮಾಲೆಯನ್ನು ಎಕ್ಸ್‌ಚೇಂಜ್ ಒಂದೇ ಸಲ ತೋರಿಸುತ್ತದೆ. ಪ್ರತಿ ವಿನಂತಿಗೂ ಅದರಿಂದಲೇ ಒಂದು ಸಹಿ ತಯಾರಾಗುತ್ತದೆ, ಎಕ್ಸ್‌ಚೇಂಜ್ ತನ್ನ ಕಡೆಯಿಂದಲೂ ಅದೇ ಲೆಕ್ಕ ಮಾಡಿ ಎರಡನ್ನೂ ತಾಳೆ ನೋಡುತ್ತದೆ. ಒಂದು ಅಕ್ಷರ ತಪ್ಪಿದರೆ ಸಹಿ ಪೂರ್ತಿ ಬೇರೆಯಾಗುತ್ತದೆ, ತಪ್ಪಿದ್ದು ಯಾವ ಅಕ್ಷರ ಎಂದು ಯಾರೂ ಹೇಳುವುದಿಲ್ಲ. ಇವನು ಅಭ್ಯಾಸದಂತೆ ಪರದೆಯ ಫೋಟೊ ತೆಗೆದು, ಅದನ್ನು ನೋಡಿಕೊಂಡು ಬೆರಳಲ್ಲಿ ಟೈಪ್ ಮಾಡಿದ್ದ. ಫೋಟೊ ದೊಡ್ಡದು ಮಾಡಿ ಇಬ್ಬರೂ ಅಕ್ಷರ ಅಕ್ಷರ ಓದಿದೆವು. ಹದಿನಾಲ್ಕನೆಯ ಜಾಗದಲ್ಲಿ ಒಂದು ನೇರ ಗೆರೆ. ಅದು ದೊಡ್ಡ ‘ಐ’ಯೋ ಸಣ್ಣ ‘ಎಲ್’ಲೋ? ಆ ಅಕ್ಷರ ಶೈಲಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಊಹಿಸುತ್ತ ಕೂರುವುದು ಬೇಡವೆಂದು ಆ ಕೀಯನ್ನೂ ಅಳಿಸಿಸಿ, ಮೂರನೆಯದು ಮಾಡಿಸಿ, ಕಾಪಿ ಗುಂಡಿ ಒತ್ತಿಸಿ ನೇರ ಅಂಟಿಸಿದೆ. ಫೋಟೊ ಡಿಲೀಟ್ ಮಾಡಿಸಿದೆ.

ಮೂರನೆಯದಕ್ಕೂ ಕೆಂಪು. ಈಗ ಬಂದ ದೋಷ ಐಪಿ ಹೊಂದುತ್ತಿಲ್ಲ ಎಂದು. ಮೂರು ತಿಂಗಳಿಗೆ ಕೀ ಸಾಯುತ್ತದೆ ಎಂದು ನಾನೇ ಹೇಳಿದ್ದೆನಲ್ಲ, ಅದನ್ನು ಕೇಳಿಸಿಕೊಂಡು ಅವನು ಕೀಯನ್ನು ಐಪಿಗೆ ಕಟ್ಟಿಹಾಕಿದ್ದ. ಕಟ್ಟಿದ್ದು ಹರಿಹರದ ಮನೆಯ ಐಪಿಗೆ! ಬಾಗಿಲು ಬಡಿಯುವುದು ಸಾಫ್ಟ್‌ವೇರಿನ ಸರ್ವರ್ ಎಂದು ಹೇಳಿದವಳೂ ನಾನೇ, ಅದು ನನಗೂ ಹೊಳೆದದ್ದು ಮರುದಿನ. ಸಾಫ್ಟ್‌ವೇರಿನವರು ತಮ್ಮ ಸಹಾಯ ಪುಟದಲ್ಲಿ ಸರ್ವರುಗಳ ಐಪಿ ಪಟ್ಟಿ ಕೊಟ್ಟಿದ್ದರು. ಅವನ್ನು ಹಾಕಿದ ಮೇಲೆ ಒಂದು ನಿಮಿಷದಲ್ಲಿ ಕೆಂಪು ಹೋಗಿ ಹಸಿರು ಬಂತು.

ಹಸಿರು ಗುರುತಿನ ಹಿಂದೆ

"ಸರಿ ಹೋಯ್ತು ಮೇಡಂ!" ಎಂದು ಫೋನಿನಲ್ಲಿ ಕೂಗಿದ. ಕೆಳಗೆ ತೆರಿಗೆ ಎಷ್ಟು ತೋರಿಸ್ತಿದೆ ನೋಡಪ್ಪಾ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ ಓದಿದ: ₹1,38,285.

ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇಲ್ಲಿದೆ. ಸಂಪರ್ಕ ಕೆಟ್ಟಿದ್ದಾಗ 91,672 ಇದ್ದದ್ದು, ಸಂಪರ್ಕ ಸರಿಯಾದ ಮೇಲೆ ನಲವತ್ತಾರು ಸಾವಿರ ಏರಿತು. ಹಸಿರು ಗುರುತು ಹೇಳುವುದು ಬಾಗಿಲು ತೆರೆದಿದೆ ಎಂಬುದನ್ನು ಮಾತ್ರ. ಒಳಗಿನ ಸಾಮಾನೆಲ್ಲ ಹೊರಗೆ ಬಂತು ಎಂದು ಅದು ಹೇಳುವುದಿಲ್ಲ. ಕೆಂಪು ಗುರುತು ಇರುವಾಗ ಲೆಕ್ಕ ಅಪೂರ್ಣ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಹಸಿರು ಬಂದ ಮೇಲೆ ಆ ಅನುಮಾನವೇ ಹೋಗಿಬಿಡುತ್ತದೆ, ಜನ ಆ ಮೊತ್ತವನ್ನು ಹಾಗೇ ತೆಗೆದು ರಿಟರ್ನಿಗೆ ತುಂಬುತ್ತಾರೆ. ತಮಗೆ ಬಾರದ ಲಾಭಕ್ಕೆ ತೆರಿಗೆ ಕಟ್ಟಿದವರನ್ನು ನಾನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಅಂಗಡಿ ಲೆಕ್ಕದವರು ಕಿರ್ದಿ ಬರೆದು ಮುಗಿಸಿದ ಮೇಲೆ ಗಲ್ಲಾಪೆಟ್ಟಿಗೆ ಎಣಿಸುತ್ತಾರೆ. ಆಖೈರು ಶಿಲ್ಕು (ಕೊನೆಗೆ ಉಳಿದ ಹಣ) ತಾಳೆಯಾಗದಿದ್ದರೆ ಪುಸ್ತಕ ಮುಚ್ಚುವುದಿಲ್ಲ. ಹುಡುಗನ ತಂದೆಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅದನ್ನೇ ಇಲ್ಲೂ ಮಾಡಿದೆವು. ಎಕ್ಸ್‌ಚೇಂಜಿನ ಆ್ಯಪಿನಲ್ಲಿ ಯುಎಸ್‌ಡಿಟಿ ಶಿಲ್ಕು 900. ಸಾಫ್ಟ್‌ವೇರಿನಲ್ಲಿ −1,800.

ಮೈನಸ್ ಶಿಲ್ಕು ಎಂದರೆ ಇಲ್ಲದ ಹಣ ಖರ್ಚಾಗಿದೆ ಎಂದು ಅರ್ಥ. ಖರ್ಚು ಬಂದಿದೆ, ಜಮಾ ಬಂದಿಲ್ಲ. ಎಷ್ಟು ಜಮಾ ಬಂದಿಲ್ಲ? 900ಕ್ಕೂ −1,800ಕ್ಕೂ ಅಂತರ 2,700. ಹಾಳೆ ತೆಗೆದು ನೋಡಿದೆವು. ಪಿ-ಟು-ಪಿಯಲ್ಲಿ ಮೂರು ಸಲ, ಸಲಕ್ಕೆ 900ರಂತೆ ಕೊಂಡದ್ದು ಸರಿಯಾಗಿ 2,700. ಅಂತರವೇ ಕಾರಣವನ್ನು ಬೆರಳು ಮಾಡಿ ತೋರಿಸಿತು. ನನ್ನ ಕೆಲಸದಲ್ಲಿ ಇಷ್ಟು ಸಂತೋಷ ಕೊಡುವ ಗಳಿಗೆ ಬೇರೆ ಇಲ್ಲ.

ಹೀಗೇಕೆ ಆಯಿತು ಎಂದರೆ, ಎಕ್ಸ್‌ಚೇಂಜಿನ ಒಳಗೆ ಒಂದೇ ಖಾತೆ ಇರುವುದಿಲ್ಲ. ಪಿ-ಟು-ಪಿಯಲ್ಲಿ ಕೊಂಡದ್ದು ‘ಫಂಡಿಂಗ್’ ಖಾತೆಗೆ ಬೀಳುತ್ತದೆ, ಅಲ್ಲಿಂದ ಗ್ರಾಹಕ ಅದನ್ನು ವ್ಯವಹಾರದ ಖಾತೆಗೆ ದಾಟಿಸಿಕೊಳ್ಳುತ್ತಾನೆ. ಸಾಫ್ಟ್‌ವೇರ್ ಎಪಿಐ ಮೂಲಕ ಓದುತ್ತಿದ್ದದ್ದು ವ್ಯವಹಾರದ ಖಾತೆಯ ಕೊಡು-ಕೊಳ್ಳು ಮತ್ತು ಹೊರಗಿಂದ ಬಂದ, ಹೊರಗೆ ಹೋದ ನಾಣ್ಯಗಳನ್ನು. ಒಳಗೊಳಗೇ ದಾಟಿದ್ದು ಅದರ ಕಣ್ಣಿಗೆ ಬೀಳಲಿಲ್ಲ. ಹಾಗಾಗಿ 1,800 ಯುಎಸ್‌ಡಿಟಿ ಕೊಟ್ಟು ಈಥರ್ ತೆಗೆದುಕೊಂಡದ್ದು ಕಂಡಿತು, ಆ 1,800 ಎಲ್ಲಿಂದ ಬಂತು ಎನ್ನುವುದು ಕಾಣಲಿಲ್ಲ. ಒಂದು ನಾಣ್ಯ ಕೊಟ್ಟು ಇನ್ನೊಂದು ತೆಗೆದುಕೊಂಡರೂ ನಮ್ಮ ಕಾನೂನಿನಲ್ಲಿ ಅದು ಮಾರಾಟವೇ. ₹83ರ ದರದಲ್ಲಿ ಅದರ ಬೆಲೆ ₹1,49,400, ಕೊಂಡ ಬೆಲೆ ಸೊನ್ನೆ, ಪೂರ್ತಿ ಲಾಭ. ಮೊದಲಿನ ₹2,93,820 ಹಾಗೇ ಇತ್ತು, ಅದರ ಮೇಲೆ ಇದೂ ಸೇರಿಕೊಂಡಿತು. ಈ ಎಚ್ಚರಿಕೆಯನ್ನು ಸಾಫ್ಟ್‌ವೇರ್ ಕೊಟ್ಟೇ ಇತ್ತು, ಖರೀದಿ ಇತಿಹಾಸ ಸಿಗುತ್ತಿಲ್ಲ ಎಂದು ಹಳದಿ ಬಣ್ಣದ ಸಣ್ಣ ಅಕ್ಷರದಲ್ಲಿ. ಹಸಿರು ಗುರುತಿನ ಪಕ್ಕದಲ್ಲಿ ಅದನ್ನು ಯಾರು ಓದುತ್ತಾರೆ?

ಮೊದಲು ಹಿಡಿದದ್ದು ವ್ಯಾಲೆಟ್ಟನ್ನು. ವಿದೇಶಿ ಎಕ್ಸ್‌ಚೇಂಜಿನಿಂದ 1 ಈಥರ್ ಹೊರಟು, ಶುಲ್ಕ ಕಳೆದು 0.998 ವ್ಯಾಲೆಟ್ಟಿಗೆ ಬಂದು, ಅಲ್ಲಿ ಗ್ಯಾಸ್ (ನಾಣ್ಯ ಕಳಿಸಲು ಜಾಲಕ್ಕೆ ಕೊಡುವ ಶುಲ್ಕ) ಹೋಗಿ 0.996 ಭಾರತದ ಎಕ್ಸ್‌ಚೇಂಜ್ ಸೇರಿತ್ತು. ನಡುವಿನ ನಿಲ್ದಾಣ ಸಾಫ್ಟ್‌ವೇರಿನಲ್ಲಿ ಇಲ್ಲದ ಕಾರಣ ಹೋದದ್ದೂ ಬಂದದ್ದೂ ಒಂದೇ ನಾಣ್ಯ ಎಂದು ಅದಕ್ಕೆ ತಿಳಿಯಲಿಲ್ಲ. ಜೋಡಿಸು ಎಂದಾಗ ಹುಡುಗ ಹನ್ನೆರಡು ಪದಗಳ ಚೀಟಿ ತೆಗೆದ, ವ್ಯಾಲೆಟ್ಟಿನ ಪೂರ್ತಿ ಹಿಡಿತ ಕೊಡುವ ಗುಟ್ಟಿನ ಪದಗಳವು. ನಾನು ಕೈ ಹಿಡಿದು ತಡೆದೆ. ವ್ಯಾಲೆಟ್ಟಿನ ವಿಳಾಸ ಒಂದು ಸಾಕು, ಅದು ಎಲ್ಲರಿಗೂ ಕಾಣುವಂಥದ್ದು. ಆ ಹನ್ನೆರಡು ಪದ ಯಾವ ತೆರಿಗೆ ಸಾಫ್ಟ್‌ವೇರಿಗೂ ಬೇಡ, ಲೆಕ್ಕ ನೋಡುವ ನನಗೂ ಬೇಡ, ಕೇಳಿದವರು ಯಾರೇ ಆಗಲಿ ಕೊಡಬೇಡ ಅಂದೆ.

ವಿಳಾಸ ಹಾಕಿದ ಮೇಲೂ ಎರಡು ತುದಿ ಕೂಡಲಿಲ್ಲ. ಭಾರತದ ಎಕ್ಸ್‌ಚೇಂಜಿನ ಫೈಲಿನಲ್ಲಿ ಇದ್ದದ್ದು ನಮ್ಮ ಗಡಿಯಾರದ ಹೊತ್ತು, ಸಾಫ್ಟ್‌ವೇರ್ ಅದನ್ನು ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಎಂದು ಓದಿತ್ತು. ನಾಣ್ಯ ಐದೂವರೆ ಗಂಟೆ ತಡವಾಗಿ ತಲುಪಿದಂತೆ ಕಾಣುತ್ತಿತ್ತು. ಫೈಲ್ ತೆಗೆದು, ಕಾಲವಲಯ ಭಾರತ ಎಂದು ಆರಿಸಿ ಮತ್ತೆ ಹಾಕಿದಾಗ ಕೂಡಿತು. ತೆರಿಗೆ ₹91,858ಕ್ಕೆ ಇಳಿಯಿತು. ಮಾರ್ಚ್ 31ರ ನಡುರಾತ್ರಿಯ ಆಸುಪಾಸು ವ್ಯವಹಾರ ಮಾಡಿದವರಿಗೆ ಈ ಐದೂವರೆ ಗಂಟೆ ಇನ್ನೂ ದುಬಾರಿ, ವರ್ಷವೇ ಬದಲಾಗಿಬಿಡುತ್ತದೆ.

ಆಮೇಲೆ ಪಿ-ಟು-ಪಿ. ಎಕ್ಸ್‌ಚೇಂಜಿನಿಂದ ಪಿ-ಟು-ಪಿ ಆರ್ಡರುಗಳ ಫೈಲನ್ನಷ್ಟೇ ಇಳಿಸಿಕೊಂಡೆವು. ಮೂರು ಸಾಲು. ಪ್ರತಿ ಸಾಲಿನಲ್ಲೂ 900 ಯುಎಸ್‌ಡಿಟಿ, ದರ ₹89, ಮೊತ್ತ ₹80,100. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅದೇ ಮೂರು ದಿನಾಂಕಕ್ಕೆ ಅದೇ ಮೊತ್ತ, ಮೂರು ಬೇರೆ ಬೇರೆ ಹೆಸರಿಗೆ ಹೋಗಿತ್ತು. ಪೆನ್ಸಿಲಿನಲ್ಲಿ ಒಂದೊಂದಕ್ಕೂ ಗುರುತು ಹಾಕಿ ಎರಡನ್ನೂ ಫೈಲಿಗೆ ಸೇರಿಸಿದೆ. ನಾಳೆ ಅಧಿಕಾರಿ ಕೇಳಿದರೆ ತೋರಿಸಬೇಕಾದದ್ದು ಈ ಕಾಗದಗಳನ್ನು, ಸಾಫ್ಟ್‌ವೇರಿನ ಪಿಡಿಎಫ್ ಅನ್ನಲ್ಲ. ಮೂರು ಸಾಲು ಹಾಕಿದ ತಕ್ಷಣ ಶಿಲ್ಕು 900ಕ್ಕೆ ಬಂದು ನಿಂತಿತು.

ಅಷ್ಟಕ್ಕೇ ಬಿಡಬೇಕಿತ್ತು. ಹುಡುಗ ಆ ರಾತ್ರಿ, ಏನೂ ಬಿಟ್ಟುಹೋಗದಿರಲಿ ಎಂದು, ವಿದೇಶಿ ಎಕ್ಸ್‌ಚೇಂಜಿನ ಇಡೀ ವರ್ಷದ ಸ್ಟೇಟ್‌ಮೆಂಟನ್ನೂ ಹಾಕಿಬಿಟ್ಟ. ಬೆಳಿಗ್ಗೆ ನೋಡಿದರೆ ಶಿಲ್ಕು −900. ಎಪಿಐಯಿಂದ ಒಮ್ಮೆ ಬಂದಿದ್ದ ಈಥರ್ ಖರೀದಿ ಫೈಲಿನಿಂದ ಇನ್ನೊಮ್ಮೆ ಬಂದು, 1,800 ಎರಡು ಸಲ ಖರ್ಚಾಗಿತ್ತು. ಆ ಫೈಲ್ ತೆಗೆಸಿದೆ. ಒಂದು ನಿಲ್ದಾಣದ ಲೆಕ್ಕ ಒಂದೇ ದಾರಿಯಲ್ಲಿ ಬರಲಿ, ಆ ದಾರಿಯಲ್ಲಿ ಬಾರದ್ದನ್ನಷ್ಟೇ ಫೈಲಿನಿಂದ ತುಂಬು ಎಂದು ಹೇಳಿ ಬರೆಸಿಯೂ ಇಟ್ಟೆ.

ಸಲ್ಲಿಸಿದ್ದು

ಕೊನೆಯ ಲೆಕ್ಕ ಹೀಗೆ. 1,800 ಯುಎಸ್‌ಡಿಟಿಗೆ ಕೊಟ್ಟದ್ದು ₹1,60,200, ಈಥರ್‌ಗೆ ಬದಲಾಯಿಸಿದಾಗ ಬೆಲೆ ₹1,49,400. ₹10,800 ನಷ್ಟ. ಈ ನಷ್ಟ ಕಣ್ಣಿಗೆ ಕಾಣುತ್ತದೆ, ಬಳಸಲು ಬರುವುದಿಲ್ಲ. ಈಥರ್ ಮಾರಿ ಬಂದ ₹2,93,820ರಲ್ಲಿ 0.996ರ ಕೊಂಡ ಬೆಲೆ ₹1,48,802 ಕಳೆದು ಲಾಭ ₹1,45,018. ಗ್ಯಾಸ್ ಮತ್ತು ಶುಲ್ಕಕ್ಕೆ ಹೋದ 0.004ರ ಬೆಲೆಯನ್ನು ನಾನು ಕಳೆಯಲಿಲ್ಲ. ತೆರಿಗೆ, ಸೆಸ್ ಸೇರಿ ₹45,246. ಟಿಡಿಎಸ್ ₹2,938 ಹೋಗಿ ಉಳಿದದ್ದು ₹42,308, ಮುಂಗಡ ತೆರಿಗೆ ಕಟ್ಟದ್ದಕ್ಕೆ ಬಡ್ಡಿ ಬೇರೆ. ಈಥರ್‌ನ ಕೊಂಡ ಬೆಲೆಯನ್ನು ₹1,60,200 ಎಂದೇ ಹಿಡಿಯಬಾರದೇ ಎಂದು ಹುಡುಗ ಕೇಳಿದ. ಕೇಳುವ ಮಾತೇ. ಒಂದೇ ವಿನಿಮಯದ ಎರಡು ಬದಿಗೆ ಎರಡು ದರ ಹಚ್ಚಲು ನನಗೆ ಮನಸ್ಸು ಒಪ್ಪಲಿಲ್ಲ.

ಜುಲೈ 26ರಂದು ಐಟಿಆರ್-2 ಸಲ್ಲಿಸಿದೆವು. ಅದರ ಷೆಡ್ಯೂಲ್ ವಿಡಿಎಯಲ್ಲಿ (ಕ್ರಿಪ್ಟೊದಂಥ ಆಸ್ತಿಗಳ ಪಟ್ಟಿ) ಎರಡು ಸಾಲು, ಕೊಂಡ ದಿನ, ಮಾರಿದ ದಿನ, ಎರಡೂ ಬೆಲೆ ಸಮೇತ. ವಿದೇಶಿ ಎಕ್ಸ್‌ಚೇಂಜಿನಲ್ಲಿ ಇದ್ದದ್ದನ್ನು ಷೆಡ್ಯೂಲ್ ಎಫ್ಎಯಲ್ಲೂ (ವಿದೇಶಿ ಆಸ್ತಿಗಳ ಪಟ್ಟಿ) ತೋರಿಸಿದೆ. ಅದಕ್ಕೆ ಬೇಕಾದದ್ದು 2023ರ ಡಿಸೆಂಬರ್ 31ಕ್ಕೆ ಮುಗಿಯುವ ವರ್ಷದ ಲೆಕ್ಕ. ಆ ದಿನ ಈಥರ್ ಇನ್ನೂ ಅಲ್ಲೇ ಇತ್ತು. ಸಾಫ್ಟ್‌ವೇರಿನ ವರದಿ ಏಪ್ರಿಲ್-ಮಾರ್ಚ್ ವರ್ಷದ್ದು, ಹಾಗಾಗಿ ಈ ಭಾಗದ ಲೆಕ್ಕವನ್ನು ಕೈಯಲ್ಲೇ ಹಾಕಿದೆ.

ತಂದೆ ಸಿಹಿ ತಂದುಕೊಟ್ಟರು. ಆದರೆ ಕಡತ ಮುಚ್ಚಿಲ್ಲ. ಪಿ-ಟು-ಪಿ ಖರೀದಿಯಲ್ಲಿ ನಡುವೆ ಯಾರೂ ಟಿಡಿಎಸ್ ಮುರಿಯದಿದ್ದರೆ ಆ 1% ಮುರಿದು ಕಟ್ಟುವ ಹೊಣೆ ಕೊಂಡವನದೇ. ವ್ಯಾಪಾರವಿಲ್ಲದ ಸಂಬಳದಾರನಿಗೆ ವರ್ಷಕ್ಕೆ ₹50,000 ಮೀರಿದರೆ ಸಾಕು. ಇವನದು ₹2,40,300, ಅದರ 1% ಎಂದರೆ ₹2,403. ಮೊತ್ತ ದೊಡ್ಡದಲ್ಲ. ಕಟ್ಟಲು ಫಾರ್ಮ್ 26ಕ್ಯೂಇ ತುಂಬಬೇಕು, ಅದಕ್ಕೆ ಮಾರಿದವರ ಪ್ಯಾನ್ ಬೇಕು. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಇದ್ದ ಮೂರು ಹೆಸರಿಗೂ ಹುಡುಗ ಎಕ್ಸ್‌ಚೇಂಜಿನ ಚಾಟ್ ಮೂಲಕ ಬರೆದ. ಇಲ್ಲಿಯವರೆಗೆ ಪ್ಯಾನ್ ಕಳಿಸಿದವರು ಒಬ್ಬರು.